ಕುರ್ಚಿ ಬೇಡವೆಂದ ಕೋಳಿಗಳು

ಕತ್ತಿ ಗಂಟಲಿನ ಮೇಲಿತ್ತು, ಮಾತು ನಾಲಿಗೆಯ ಮೇಲಿತ್ತು. ಕತ್ತಿ ಬೆಣ್ಣೆಕೈಯದು; ಗಂಟಲೂ ನಾಲಿಗೆಯೂ ರೇಡಿಯೋನವು.

ಬೆಣ್ಣೆಕೈ ಎಂದರೆ ಆ ಬೀದಿಯ ಕ್ಷೌರದಂಗಡಿಯವನು. ಅವನು ಗಡ್ಡ ಹೆರೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಂದು ಹೇಳಿ ಹೇಳಿ ಜನ ಆ ಹೆಸರಿಟ್ಟಿದ್ದರು. ಕತ್ತಿ ಹಿಡಿದ ಲಾಗಾಯ್ತಿನಿಂದ ಒಬ್ಬರ ಚರ್ಮವನ್ನೂ ಗೀರಿದವನಲ್ಲ. ಅಂಗಡಿಗೆ ಬೇರೆ ಬೋರ್ಡು ಇರಲಿಲ್ಲ, ಅದೇ ಬೋರ್ಡು. ರೇಡಿಯೋ ಎಂದರೆ ಮನೆಮನೆಗೆ ಹೋಗಿ ಕರೆಂಟು ಮೀಟರ್ ಓದುವವನು. ಮೀಟರಿನಲ್ಲಿ ಓದಿದ್ದನ್ನು ಕಚೇರಿಗೆ, ಮನೆಯೊಳಗೆ ಕಂಡದ್ದನ್ನು ಊರಿಗೆ ಒಪ್ಪಿಸುತ್ತಿದ್ದ. ಮೊದಲನೆಯದಕ್ಕೆ ಸಂಬಳ, ಎರಡನೆಯದಕ್ಕೆ ಸಂತೋಷ.

"ಈಗ ಮುಖ್ಯಾಂಶಗಳು," ಎಂದ ರೇಡಿಯೋ, ನೊರೆಯ ನಡುವಿನಿಂದ. "ಮೂಲೆ ಮನೆಯಲ್ಲಿ ಅಣ್ಣ ತಮ್ಮ ಒಲೆ ಬೇರೆ ಮಾಡಿದ್ದಾರೆ. ಮೀಟರ್ ಮಾತ್ರ ಒಂದೇ. ಜಗಳ ಯಾವುದಕ್ಕೆ ಅಂತೀಯ?"

"ಗಲ್ಲ ಅಲ್ಲಾಡಿಸಬೇಡಿ ಅಣ್ಣ."

"ಗಲ್ಲ ಅಲ್ಲಾಡದೆ ಸುದ್ದಿ ಹೊರಗೆ ಬರೋದು ಹೇಗಪ್ಪಾ? ಎದುರು ಅಂಗಡಿಯವನು ಹಾಗೇ ಅಂತಾನೆ. ಅಲ್ಲಿ ತಣ್ಣಗಿನ ಗಾಳಿ ಬಿಡ್ತಾರೆ, ಕೂತ್ರೆ ನಿದ್ದೆ ಬರತ್ತೆ. ನಿದ್ದೆಯಲ್ಲಿ ಸುದ್ದಿ ಹೇಳಕ್ಕಾಗಲ್ಲ ಅಂತಲೇ ನಾನು ಇಲ್ಲಿಗೆ ಬರೋದು."

ಎದುರು ಅಂಗಡಿ ಎಂದರೆ ಗಾಜಿನ ಬಾಗಿಲಿನದು, ಹೊಸದು. ಅದರ ಬಾಗಿಲು ತೆರೆದಾಗಲೆಲ್ಲ ಗಂಟೆ ಕಿಣಿಕ್ಕೆನ್ನುತ್ತಿತ್ತು. ಆ ಕಿಣಿಕ್ಕಿಗೊಮ್ಮೆ ಬೆಣ್ಣೆಕೈ ಕತ್ತಿ ನಿಲ್ಲಿಸಿ, ಒಳಗೆ ಹೋದವರು ಯಾರೆಂದು ನೋಡುತ್ತಿದ್ದ. ಹಳೆಯ ಗಿರಾಕಿಗಳು ಬೀದಿ ದಾಟದೆ ಉಳಿದಿದ್ದರೆ ಅದು ಅವನ ಕೈಗೆ ಮತ್ತು ಅಂಗಡಿಯ ಚೊಕ್ಕಟಕ್ಕೆ. ಬೀದಿ ದಾಟಲು ಎಷ್ಟು ಹೊತ್ತು ಬೇಕು? ಒಂದು ಮಾತಿನಷ್ಟು.

ಆಗಲೇ ಬಿಳಿ ಹೊದಿಕೆಯ ಮೇಲೆ, ರೇಡಿಯೋನ ಹೆಗಲ ಹತ್ತಿರ, ಒಂದು ಕೆಂಪು ಚುಕ್ಕಿ ಕಂಡಿತು. ಬೆಣ್ಣೆಕೈ ಕಣ್ಣು ಮಿಟುಕಿಸಿ ಮತ್ತೆ ನೋಡಿದ. ಚುಕ್ಕಿ ಅಷ್ಟರಲ್ಲಿ ಜಾಗ ಬದಲಿಸಿತ್ತು. ಸಾಸಿವೆಗಿಂತಲೂ ಎಷ್ಟೋ ಚಿಕ್ಕದು, ಆದರೆ ಅವಸರದಲ್ಲಿತ್ತು. ಹೆಗಲಿನಿಂದ ಕಾಲರಿಗೆ, ಕಾಲರಿನಿಂದ ಕುತ್ತಿಗೆಗೆ ಹೊರಟಿತ್ತು. ಅದರ ಹಿಂದೆ ಇನ್ನೊಂದು.

ಅವನ ಬಲಗೈ ಕತ್ತಿಯನ್ನು ಗಂಟಲಗಂಟಿನ ಮೇಲೆ ನಯವಾಗಿ ಎಳೆಯುತ್ತಲೇ ಇತ್ತು. ಎಡಗೈ ಹೊದಿಕೆ ಸರಿಪಡಿಸುವ ನೆಪದಲ್ಲಿ ಕೆಳಗಿಳಿಯಿತು. ಹೆಬ್ಬೆರಳು ಒಂದನ್ನು ಒತ್ತಿತು, ಇನ್ನೊಂದನ್ನೂ ಒತ್ತಿತು. ಒತ್ತಿದ ಮೇಲೆ ತಿಳಿಯಿತು, ಒತ್ತಬಾರದಿತ್ತು. ಬಿಳಿ ಬಟ್ಟೆಯ ಮೇಲೆ ರಕ್ತ, ಎರಡು ಗೀಟು.

ರೇಡಿಯೋ ಕನ್ನಡಿಯಲ್ಲಿ ನೋಡಿದ. "ಏನದು?"

ಏನು ಎನ್ನುವುದಕ್ಕೂ ಹೇನು ಎನ್ನುವುದಕ್ಕೂ ನಡುವೆ ಒಂದು ಉಸಿರಷ್ಟೇ ದೂರ. ಬೆಣ್ಣೆಕೈ ಆ ಉಸಿರನ್ನು ಬಿಗಿಹಿಡಿದ. ಕ್ಷೌರದಂಗಡಿಯಲ್ಲಿ ಹುಳ ಎಂಬ ಮಾತು ಈ ಬಾಯಿಗೆ ಬಿದ್ದರೆ ಮಧ್ಯಾಹ್ನದೊಳಗೆ ಎಲ್ಲ ಮೀಟರುಗಳ ಕೆಳಗೂ ಅದೇ ಓಡುತ್ತದೆ.

"ಸ್ವಲ್ಪ ತಾಗಿಬಿಡ್ತು ಅಣ್ಣ," ಎಂದ. "ಕತ್ತಿ."

"ನಿನ್ನ ಕೈಯಲ್ಲಿ?"

"ನನ್ನ ಕೈಯಲ್ಲೇ."

ಪಟಿಕದ ಕಲ್ಲು ಒದ್ದೆ ಮಾಡಿ, ಗಾಯವೇ ಇಲ್ಲದ ಕುತ್ತಿಗೆಗೆ ಉಜ್ಜಿದ. ರೇಡಿಯೋ ಕನ್ನಡಿಯಲ್ಲಿ ತನ್ನ ಕುತ್ತಿಗೆಯನ್ನು ನೋಡಿಕೊಂಡ, ಬೆಣ್ಣೆಕೈಯ ಮುಖ ನೋಡಿದ, ಏನೂ ಹೇಳದೆ ಎದ್ದು ಹೋದ. ರೇಡಿಯೋ ಬಾಯಿ ಮುಚ್ಚಿಕೊಂಡು ಹೋದದ್ದು ಆ ಅಂಗಡಿಯ ಇತಿಹಾಸದಲ್ಲೇ ಮೊದಲು. ಬೆಣ್ಣೆಕೈಗೆ ಅದರಿಂದಲೇ ಹೆಚ್ಚು ದಿಗಿಲಾಯಿತು.

ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಲ್ಲಿ ಅಮ್ಮನ ಕೋಳಿಗೂಡು. ಅವನು ಒಳಗೆ ಬಂದು ಹೊದಿಕೆಯನ್ನು ಹೆಂಡತಿಯ ಮುಂದೆ ಹರಡಿದ. ಅವಳು ಗೀಟುಗಳನ್ನು ನೋಡಿದಳು. ಬಾಯಿಬಿಡದೆ ತನ್ನ ತೋಳು ಮಡಚಿ ಒಳಬದಿ ತೋರಿಸಿದಳು. ಚಿಕ್ಕ ಚಿಕ್ಕ ಕೆಂಪು ಗುಳ್ಳೆಗಳ ಸಾಲು.

"ಮೊಟ್ಟೆ ತೆಗೆಯಕ್ಕೆ ಗೂಡಿಗೆ ಕೈ ಹಾಕಿದಾಗೆಲ್ಲ ಹೀಗಾಗತ್ತೆ," ಎಂದಳು. "ಮೊಟ್ಟೆ ಮೇಲೂ ಕೆಂಪು ಚುಕ್ಕೆ ಇರತ್ತೆ. ಅತ್ತೆ ತೊಳೆದು ಇಡ್ತಾರೆ."

"ಮೊದಲೇ ಹೇಳಬಾರದಾ?"

"ಹೇಳಿದೆ. ಅತ್ತೆಗೆ." ಅವಳು ಸೆರಗು ಬಿಗಿದು, ಗಲ್ಲ ಮುಂದೆ ಮಾಡಿ, ಕೀಲು ನೋವಿನ ನಡಿಗೆಯಲ್ಲಿ ಎರಡು ಹೆಜ್ಜೆ ಇಟ್ಟಳು. ಅಡುಗೆಮನೆಯೊಳಗೆ ಅಮ್ಮನೇ ಬಂದು ನಿಂತಂತಾಯಿತು. "'ಕೋಳಿಗಲ್ಲ ಕಣೇ ಹುಳ, ನಿನ್ನ ತಲೆಗೆ. ನನ್ನ ಕೋಳಿಗಳು ದಿನಾ ಬೂದೀಲಿ ಹೊರಳಿ ಮೈ ತೊಳ್ಕೊಳ್ತವೆ. ನೀನು ವಾರಕ್ಕೊಂದು ಸಲ ತಲೆಗೆ ನೀರು ಹಾಕ್ಕೊಂಡ್ರೆ ದೊಡ್ಡದು.'"

ಹೆಂಡತಿಗೆ ಎಲ್ಲರ ದನಿಯೂ ಬರುತ್ತಿತ್ತು, ಕೋಳಿಗಳದು ಸಮೇತ. ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಈಗ ಬಾಚಣಿಗೆ ಹಿಡಿದು ಹಿತ್ತಲಿಗೆ ನಡೆದ.

"ಆ ಬಾಚಣಿಗೆ ಅಂಗಡಿಗೆ ವಾಪಸ್ ಬಂದ್ರೆ ನೋಡಿ ಮತ್ತೆ," ಎಂದಳು ಹಿಂದಿನಿಂದ.

ಕೋಳಿಗಳು ಏಳೆಂಟು. ಅವುಗಳ ನಾಯಕಿ ಹೆಡ್‌ಮಿಸ್: ಬೂದು ಬಣ್ಣದ ದಪ್ಪ ಕೋಳಿ, ಕತ್ತು ಎತ್ತಿ ಒಂದೇ ಕಣ್ಣಲ್ಲಿ ನೋಡಿದರೆ ನೋಡಿಸಿಕೊಂಡವರು ಹೋಂವರ್ಕ್ ಮಾಡಿಲ್ಲವೇನೋ ಅನ್ನಿಸುವಂಥದ್ದು. ಬೆಣ್ಣೆಕೈ ಅದನ್ನೇ ಮೊದಲು ಹಿಡಿದ. ಜುಟ್ಟು ಕೆಂಪಗಿರಬೇಕಾದದ್ದು ಮಾಸಲು ಗುಲಾಬಿಯಾಗಿತ್ತು. ಕೈಗೆ ಹಗುರವಾಗಿತ್ತು. ಅವನು ಬೈತಲೆ ತೆಗೆಯುವಂತೆ ಪುಕ್ಕ ಬಿಡಿಸಿ ಬುಡ ನೋಡಿದ. ರೆಕ್ಕೆಯ ಕಂಕುಳಲ್ಲಿ ನೋಡಿದ, ಬಾಲದ ಕೆಳಗೆ ನೋಡಿದ. ಹೇನು ನೋಡುವುದರಲ್ಲಿ ಅವನ ಕಣ್ಣು ತಪ್ಪಿದ್ದಿಲ್ಲ. ಪುಕ್ಕದ ಬುಡಕ್ಕೆ ಅಂಟಿದ ಸೀರಿಲ್ಲ, ಓಡುವ ಹೇನಿಲ್ಲ. ಎರಡನೆಯದನ್ನು ಹಿಡಿದ, ಮೂರನೆಯದನ್ನು ಹಿಡಿದ. ಎಲ್ಲವೂ ಬಡಕಲು, ಎಲ್ಲವೂ ಚೊಕ್ಕಟ.

"ಆಯ್ತಾ ತಲೆ ನೋಡಿ?" ಅಮ್ಮ ಗೂಡಿನ ಬಾಗಿಲಿಗೆ ಅಡ್ಡ ನಿಂತಿದ್ದಳು. "ಸಿಕ್ತಾ?"

"ಸಿಗಲಿಲ್ಲ."

"ನನ್ನ ಕೋಳಿ ಮೇಲೆ ಗುಮಾನಿ ಬೇಡ. ನಿನ್ನ ಗಿರಾಕಿಗಳ ತಲೆಯಲ್ಲಿ ಏನೇನು ಸಾಕಿದಾರೋ, ಅವನ್ನ ಕೇಳು."

"ಅಮ್ಮ, ಮೊಟ್ಟೆ ಕಡಿಮೆ ಆಗಿದೆಯಲ್ಲ."

"ಸೆಕೆ."

"ಜುಟ್ಟು ಬಿಳಿಚಿಕೊಂಡಿದೆ."

"ನನಗೂ ಬಿಳಿಚಿಕೊಂಡಿದೆ. ವಯಸ್ಸು. ನನ್ನನ್ನೂ ಹಿಡಿದು ಬಾಚ್ತೀಯಾ?"

ಅವನು ಪಶುವೈದ್ಯರ ಬಳಿಯಿಂದ ಕೋಳಿಗೇ ಹಾಕುವ ಪುಡಿ ತಂದು ಒಂದೊಂದರ ರೆಕ್ಕೆಯಡಿಗೂ ಬಾಲದಡಿಗೂ ಹಾಕಿದ. ಪುಡಿ ಹಾಕಿದ ಕೋಳಿಗಳ ಮೊಟ್ಟೆ ಸದ್ಯಕ್ಕೆ ಯಾರೂ ತಿನ್ನಬಾರದೆಂದು ಬೇರೆ ಬುಟ್ಟಿಗೆ ಹಾಕಿಸಿದ. ಆದರೆ ಸಂಜೆ ಇನ್ನೊಂದು ತಮಾಷೆ ನಡೆಯಿತು. ಬೆಳಕು ಕಂದುತ್ತಲೇ ಗೂಡು ಸೇರಬೇಕಾದ ಕೋಳಿಗಳು ಬಾಗಿಲವರೆಗೆ ಬಂದವು, ಒಳಗೆ ಇಣುಕಿದವು, ಹಿಂದೆ ಸರಿದವು. ಹೆಡ್‌ಮಿಸ್ ನೀರಿನ ತೊಟ್ಟಿಯ ಅಂಚಿಗೆ ಹಾರಿ ಕೂತಿತು. ಉಳಿದವು ಸಾಲಾಗಿ ಅದರ ಪಕ್ಕ ಕೂತವು. ಅಮ್ಮ ಉಶ್ ಉಶ್ ಎಂದು ಒಂದೊಂದನ್ನೇ ಎತ್ತಿ ಒಳಗೆ ತಳ್ಳಿ ಬಾಗಿಲು ಹಾಕಿದಳು. ಒಳಗಿನಿಂದ ಗೊಣಗಾಟ ಬಹಳ ಹೊತ್ತು ಕೇಳಿತು.

"ಸೆಕೆ," ಎಂದಳು ಅಮ್ಮ, ಯಾರೂ ಕೇಳದಿದ್ದರೂ.

ರೇಡಿಯೋ ಎಷ್ಟು ಹೇಳಿದನೋ, ಯಾರಿಗೆ ಹೇಳಿದನೋ. 'ಬೆಣ್ಣೆಕೈ ತಾಗಿಸಿಬಿಟ್ಟ' ಎಂಬಷ್ಟು ಮಾತ್ರ ಹೇಳಿರಬೇಕು. ಉಳಿದದ್ದನ್ನು ಬೀದಿ ತಾನೇ ಬೆಳೆಸಿತು. ತಾಗಿದ್ದು ಗೀರಾಯಿತು, ಗೀರು ಗಾಯವಾಯಿತು, ಗಾಯಕ್ಕೆ ಹೊಲಿಗೆ ಬಿತ್ತು. ಬೆಣ್ಣೆಕೈ ನಡುಗುತ್ತದಂತೆ. ಬೆಣ್ಣೆ ಕರಗಿತಂತೆ. ಗಿರಾಕಿಗಳು ಬಂದರು, ಕೂದಲು ಕತ್ತರಿಸಿಕೊಂಡರು, ಗಡ್ಡದ ಮಾತು ಬಂದಾಗ, "ಇವತ್ತು ಬೇಡ ಬಿಡಪ್ಪ, ಮುಖದಲ್ಲಿ ಮೊಡವೆ ಎದ್ದಿದೆ," ಎಂದು ಎದ್ದರು. ಅರವತ್ತು ದಾಟಿದವರಿಗೂ ಮೊಡವೆ ಏಳುವ ಕಾಲ. ಅವರು ಎದ್ದುಹೋದ ಸ್ವಲ್ಪ ಹೊತ್ತಿಗೆ ಎದುರುಗಡೆ ಕಿಣಿಕ್.

ಅವನು ಒಂಟಿಯಾಗಿದ್ದಾಗ ಬಲಗೈ ಮುಂದೆ ಚಾಚಿ ನೋಡುತ್ತಿದ್ದ. ನಡುಗುತ್ತಿರಲಿಲ್ಲ. ಬಹಳ ಹೊತ್ತು ನೋಡಿದರೆ ನಡುಗಿದಂತೆ ಕಾಣುತ್ತಿತ್ತು. ತಾನು ಆಡಿದ ಸುಳ್ಳು ಬಾಯಿಂದ ಇಳಿದು ಕೈಗೇ ಬಂದು ಸೇರಿತೋ ಏನೋ.

ಒಂದು ಮಧ್ಯಾಹ್ನ ಅಂಗಡಿ ಪೂರ್ತಿ ಖಾಲಿ. ಅವನು ಎಂದೂ ಮಾಡದ ಕೆಲಸ ಮಾಡಿದ: ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು, ತಲೆದಿಂಬಿಗೆ ತಲೆ ಒರಗಿಸಿ, ಕಣ್ಣು ಮುಚ್ಚಿದ. ಫ್ಯಾನು ಗರಗರ ಎನ್ನುತ್ತಿತ್ತು. ಕೋಳಿನಿದ್ದೆ ಹತ್ತಿತ್ತಷ್ಟೇ, ಕಿವಿಯ ಹಿಂದೆ ಚುಟ್ ಎಂದಿತು. ಕೂದಲಿನ ಅಂಚಿನಲ್ಲಿ ಏನೋ ಹರಿದಾಡಿತು. ಮತ್ತೆ ಚುಟ್.

ಅವನು ಬೆಂಕಿ ಮುಟ್ಟಿದವನಂತೆ ಎದ್ದ. ತಿರುಪು ಬಿಚ್ಚಿ ತಲೆದಿಂಬನ್ನು ಕಂಬಿ ಸಮೇತ ಕಳಚಿ, ಬಿಸಿಲು ಬೀಳುವ ಮೆಟ್ಟಿಲ ಮೇಲೆ ಹಳೆಯ ಪೇಪರು ಹಾಸಿ ಇಟ್ಟ. ಅದರ ಮೇಲಿನ ರೆಕ್ಸಿನ್ ಹೊಸದು, ಅವನೇ ಹೊಲಿಸಿದ್ದು. ಕತ್ತಿಯಿಂದ ಹೊಲಿಗೆ ಬಿಚ್ಚಿದ. ಒಳಗೆ ಹಳೆಯ ಚರ್ಮ, ಚರ್ಮದ ಬಿರುಕಿನಲ್ಲಿ ಹಳೆಯ ನಾರು. ನಾರಿನ ಬುಡದಲ್ಲಿ ಉಪ್ಪು ಮೆಣಸು ಬೆರೆಸಿಟ್ಟ ಹಾಗೆ ಬೂದು ಪುಡಿ. ಬಿಸಿಲು ತಾಗಿದ್ದೇ ಪುಡಿ ಎದ್ದು ನಡೆಯಿತು.

ಹೊಟ್ಟೆ ತುಂಬಿದವು ಕೆಂಪು, ಹಸಿದವು ಬೂದು. ಹೇನಲ್ಲ, ನುಸಿ. ನುಸಿಗೆ ಆ ಹೆಸರು ನುಸುಳುವುದಕ್ಕೆಂದೇ ಬಂದಿರಬೇಕು.

ಅವನು ಕಂಬಿ ಎಳೆದು ಬಿಸಾಡಿ, ದಿಂಬನ್ನು ಪೇಪರಿನಲ್ಲಿ ಸುತ್ತಿ ಒತ್ತಿಹಿಡಿದು ಹಾಗೇ ಕೂತ. ಈ ದಿಂಬು ಈ ಕುರ್ಚಿಯದಲ್ಲ. ಹೊಸ ಕುರ್ಚಿಯ ದಿಂಬು ಹರಿದಾಗ, ತೀರಿಹೋದ ಅಪ್ಪ ಇದೇ ಅಂಗಡಿಯಲ್ಲಿ ಬಳಸುತ್ತಿದ್ದ ಹಳೆಯ ಮರದ ಕುರ್ಚಿಯ ದಿಂಬು ಅದೇ ಅಳತೆಗೆ ಕೂರುತ್ತದೆಂದು ಕಿತ್ತು ತಂದಿದ್ದ. ಮೇಲೆ ಹೊಸ ರೆಕ್ಸಿನ್ ಹೊದಿಸಿ, ಅಪ್ಪನದು ಮತ್ತೆ ಅಂಗಡಿಗೆ ಬಂತೆಂದು ಒಳಗೊಳಗೇ ಖುಷಿಯೂ ಪಟ್ಟಿದ್ದ. ಮತ್ತು ಅಪ್ಪನ ಕುರ್ಚಿ ಇದ್ದದ್ದು ಕೋಳಿಗೂಡಿನಲ್ಲಿ. ಮಾರಲು ಅಮ್ಮನಿಗೆ ಮನಸ್ಸಿಲ್ಲ, ಮನೆಯೊಳಗೆ ಇಡಲು ಜಾಗವಿಲ್ಲ. ಅಮ್ಮ ಅದನ್ನು ಗೂಡಿನಲ್ಲಿ ನಿಲ್ಲಿಸಿದ್ದಳು. ಕೋಳಿಗಳು ಅದರ ಕೈಗಳ ಮೇಲೆ, ಬೆನ್ನಿನ ಮೇಲೆ ಸಾಲಾಗಿ ಕೂತು ರಾತ್ರಿ ಕಳೆಯುತ್ತಿದ್ದವು.

ಹಗಲಲ್ಲಿ ಕೋಳಿಯ ಮೈಯಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಕತ್ತಲಾದ ಮೇಲೆ ಬಂದು ಕುಡಿದು, ಬೆಳಕು ಹರಿಯುವ ಮೊದಲೇ ಕುರ್ಚಿಯ ಸಂದಿಗೆ ಮರಳುವ ಜಾತಿ ಅದು. ರಾತ್ರಿ ಕೋಳಿ ಸಿಗದ ದಿಂಬಿನವು ಮಾತ್ರ ಹಸಿದು ಹಗಲಲ್ಲೇ ಹೊರಬಿದ್ದಿದ್ದವು. ಕುರ್ಚಿಗೆ ಅಂಟಿಕೊಂಡು ರಕ್ತ ಹೀರುವ ಬುದ್ಧಿ ಲೋಕದಲ್ಲಿ ಹೊಸದೇನಲ್ಲ. ಆದರೂ ಅವನಿಗೆ ಹೊಳೆದಿರಲಿಲ್ಲ. ಅಪ್ಪನ ಕುರ್ಚಿಯ ಮೇಲೆ ಯಾರು ಗುಮಾನಿಪಡುತ್ತಾರೆ?

ಅವನು ಪೇಪರಿನ ಗಂಟನ್ನು ಒಲೆಗೆ ಹಾಕಿ, ಹಿತ್ತಲಿಗೆ ಬಂದ. ಹೆಂಡತಿ ಹಿಂದೆಯೇ ಬಂದಳು. ಅಮ್ಮ ಗೂಡಿನೊಳಗಿದ್ದಳು. ಅವನನ್ನು ಕಂಡು ಕೈಯಲ್ಲಿದ್ದದ್ದನ್ನು ಸೆರಗಿಗೆ ಸೇರಿಸಿದಳು.

"ಅಮ್ಮ, ಸ್ವಲ್ಪ ಈಚೆ ಬಾ."

"ಯಾಕೆ?"

"ಕುರ್ಚಿ ನೋಡಬೇಕು."

"ಕುರ್ಚಿಯಲ್ಲಿ ನೋಡೋದೇನಿದೆ? ಹುಟ್ಟಿದಾಗಿಂದ ನೋಡಿದೀಯ."

ಅವನು ಬಗ್ಗಿ ಒಳಗೆ ಹೋದ. ಅಮ್ಮ ಜರುಗಲಿಲ್ಲ, ಅವನೇ ಪಕ್ಕದಿಂದ ನುಸುಳಿ ದಾಟಿದ. ಕುರ್ಚಿಯ ಕೈ ಬೆನ್ನಿಗೆ ಸೇರುವಲ್ಲಿ ಒಂದು ಸಂದಿ. ಕತ್ತಿಯ ಮೊನೆಯನ್ನು ಅಲ್ಲಿ ಇಳಿಸಿ, ಮೆಲ್ಲಗೆ ತಿರುಗಿಸಿದ. ಹಿಟ್ಟು ಸುರಿದ ಹಾಗೆ ಬೂದು, ಅದರ ಹಿಂದೆ ಕೆಂಪು, ಕತ್ತಿಯ ಅಲಗನ್ನೇ ಹತ್ತಿ ಅವನ ಮಣಿಕಟ್ಟಿನತ್ತ ಹೊರಟಿತು. ಅವನು ಕತ್ತಿಯನ್ನು ಬಿಸಾಡಿದ.

"ಅಯ್ಯೋ," ಎಂದಳು ಹೆಂಡತಿ. ಆ ದನಿ ಯಾರದೂ ಅಲ್ಲ, ಅವಳದೇ.

ಅಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಸೆರಗಿನಿಂದ ಎಣ್ಣೆಬಟ್ಟೆ ಜಾರಿ ಬಿತ್ತು. ಅದರ ತುಂಬ ಕೆಂಪು ಕಲೆಗಳು: ಹಳೆಯವು ಕಂದು, ಹೊಸವು ಹಸಿ.

"ನಿನಗೆ ಗೊತ್ತಿತ್ತು," ಎಂದ ಬೆಣ್ಣೆಕೈ.

"ಒರೆಸ್ತಾ ಇದ್ದೆ. ದಿನಾ ಒರೆಸಿದ್ರೆ ಹೋಗತ್ತೆ ಅಂದ್ಕೊಂಡೆ."

"ಅಮ್ಮ, ಅಂಗಡಿಗೇ ಬಂದಿದೆ ಅದು. ಗಿರಾಕಿಗಳ ಕುತ್ತಿಗೆಗೆ ಬಂದಿದೆ. ನನ್ನ ಕುತ್ತಿಗೆಗೂ ಬಂದಿದೆ. ಕೈ ನಡುಗತ್ತೆ ಅಂತ ಜನ ಆಡ್ಕೊಳ್ತಿದಾರೆ, ನೀನು ಕೇಳ್ತಾ ಕೂತಿದ್ದೀಯ."

"ದಿಂಬು ಕಿತ್ಕೊಂಡು ಹೋಗಿದ್ದು ಯಾರು? ನನ್ನನ್ನ ಕೇಳಿದ್ಯಾ?"

ಅಮ್ಮ ಕುರ್ಚಿಯ ಬೆನ್ನಿನ ಮೇಲಂಚನ್ನು ಸವರಿದಳು. ಎಡಬದಿಯಲ್ಲಿ ಅಂಗೈ ಅಗಲಕ್ಕೆ ಮರ ಸವೆದು ತಗ್ಗಾಗಿತ್ತು. ಹೆಡ್‌ಮಿಸ್ ರಾತ್ರಿ ಕೂರುವುದು ಅಲ್ಲೇ.

"ನಿಮ್ಮಪ್ಪ ಕೂತ ಕುರ್ಚಿ ಅಂತ ಎಲ್ಲರೂ ಅಂತಾರೆ," ಎಂದಳು. "ಕೂತಿದ್ದು ಯಾವಾಗ? ಬಂದವರೆಲ್ಲ ಕೂತರು, ನಿಮ್ಮಪ್ಪ ಇಲ್ಲಿ ಕೈ ಊರಿ ಹಿಂದೆ ನಿಂತರು. ಇದು ಅವರು ನಿಂತ ಕುರ್ಚಿ. ಹುಳ ಅಂತ ಹೇಳಿದ್ರೆ ನೀನು ಮೊದಲು ಕೈ ಹಾಕೋದು ಇದಕ್ಕೇ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ."

ಹೊರಗೆ ಕೋಳಿಗಳು ತೊಟ್ಟಿಯ ನೆರಳಲ್ಲಿ ಕಣ್ಣು ಮುಚ್ಚಿ ಕೂತಿದ್ದವು. ಒಂದು ನಡೆಯಲು ಹೋಗಿ ವಾಲಿ ಬಿದ್ದು, ಎದ್ದಿತು. ಅಮ್ಮ ಅದನ್ನೇ ನೋಡುತ್ತಿದ್ದಳು.

"ಅದು ಇವತ್ತು ಮುಸುರೆಗೂ ಬರಲಿಲ್ಲ," ಎಂದಳು ಮೆಲ್ಲಗೆ. ಆಮೇಲೆ ಸೊಸೆಯ ಕಡೆ ತಿರುಗಿ, ಎಂದಿನ ದನಿಯಲ್ಲಿ, "ಏನು ನೋಡ್ತಾ ನಿಂತಿದೀಯ? ಹಂಡೆಗೆ ನೀರು ಹಾಕು. ಕುದೀಬೇಕು, ಉಗುರು ಬೆಚ್ಚಗೆ ತಂದ್ರೆ ಹುಳಕ್ಕೆ ಅಭ್ಯಂಜನ ಮಾಡಿಸಿದ ಹಾಗಾಗತ್ತೆ."

ಆ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಗೂಡಿನ ನೆಲದ ಹುಲ್ಲು, ಹಿಕ್ಕೆ, ಮೊಟ್ಟೆಯಿಡುವ ಬುಟ್ಟಿಗಳು ಎಲ್ಲವನ್ನೂ ಕೆರೆದು ಹಿತ್ತಲ ಮೂಲೆಯಲ್ಲಿ ರಾಶಿ ಹಾಕಿ ಬೆಂಕಿಯಿಟ್ಟರು. ಕುದಿಯುವ ನೀರನ್ನು ಹಲಗೆಯ ಸಂದಿಸಂದಿಗೂ, ಅಂಗಡಿಯ ಕುರ್ಚಿಯ ಕೀಲುಗಳಿಗೂ ಹೊಯ್ದರು. ಹೆಂಡತಿ ಸೋಪು ನೀರು, ಬೆಣ್ಣೆಕೈ ಸುಣ್ಣ. ಹೊಸದಾಗಿ ಎರಡು ಕೋಲು, ಸಂದಿಯಿಲ್ಲದವು, ಸಿಪ್ಪೆ ಸುಲಿದು ನಯ ಮಾಡಿದವು, ಅವಕ್ಕೆ ತುದಿಯಿಂದ ತುದಿಗೆ ಎಣ್ಣೆ. ನುಸಿಯ ಮೊಟ್ಟೆ ಒಡೆದು ಮರಿ ಏಳುವ ಹೊತ್ತಿಗೆ ಇನ್ನೊಮ್ಮೆ ಇದೆಲ್ಲ ಮಾಡಬೇಕು, ಆಮೇಲೆ ಮತ್ತೊಮ್ಮೆ.

ಕುರ್ಚಿಯ ಮೇಲೆ ಮೊದಲ ಕೊಡ ಹೊಯ್ದದ್ದು ಅಮ್ಮ. ನೀರು ಬಿದ್ದಂತೆ ಹಳೆಯ ಅಂಟು ಸಡಿಲವಾಗಿ, ಕೈ ಒಂದು ಕಡೆ, ಬೆನ್ನು ಒಂದು ಕಡೆ, ಕುರ್ಚಿ ತಾನಾಗೇ ಕಳಚಿ ಕೂತಿತು. ಕಳಚಿದ ಕೀಲಿನೊಳಗೆ ಬೆಂದ ನುಸಿ, ಹಿಡಿಗಟ್ಟಲೆ. ಉಳಿಸುವಂಥದ್ದು ಏನೂ ಇರಲಿಲ್ಲ. ಅಮ್ಮ ಒಂದೊಂದೇ ತುಂಡನ್ನು ಎತ್ತಿ ಬೆಂಕಿಗೆ ಹಾಕಿದಳು. ಬೆನ್ನಿನ ಹಲಗೆಯನ್ನು ಹಾಕುವಾಗ ಸವೆದ ಜಾಗದಲ್ಲಿ ಒಮ್ಮೆ ಕೈಯಿಟ್ಟಳು, ಬಿಸಿಗೆ ತೆಗೆದಳು.

ಆಗ ಹಿತ್ತಲ ಬಾಗಿಲು ಕಿರ್ ಎಂದಿತು.

ರೇಡಿಯೋ. ಹೆಗಲಲ್ಲಿ ಮೀಟರು ಓದುವ ಚೀಲ, ಈ ಸೆಕೆಯಲ್ಲೂ ಕುತ್ತಿಗೆಗೆ ಟವೆಲು. ಮೂವರೂ ನಿಂತಲ್ಲೇ ಕಲ್ಲಾದರು. ಉರಿಯುವ ಕುರ್ಚಿ, ಕುದಿಯುವ ಹಂಡೆ, ಮೊಣಕೈವರೆಗೂ ಸುಣ್ಣ. ಮುಚ್ಚಿಡಲು ಸೂಜಿಮೊನೆಯಷ್ಟು ಜಾಗವಿರಲಿಲ್ಲ. ಆದರೆ ರೇಡಿಯೋ ಯಾವುದನ್ನೂ ನೋಡುತ್ತಿರಲಿಲ್ಲ. ಬೆಣ್ಣೆಕೈಯ ತೋಳು ಹಿಡಿದು ಬಚ್ಚಲ ಗೋಡೆಯ ಮರೆಗೆ ಎಳೆದುಕೊಂಡು ಹೋದ.

"ನಿನ್ನ ಹತ್ರ ಒಂದು ಮಾತು. ಯಾರಿಗೂ ಹೇಳಬಾರದು."

ಈ ಮಾತು ಆ ಬಾಯಿಂದ. ಬೆಣ್ಣೆಕೈ ಬೆಪ್ಪಾಗಿ ನೋಡಿದ.

"ಅವತ್ತು ನೀನು ಪಟಿಕ ಉಜ್ಜಿದೆ. ಉರೀಲಿಲ್ಲ. ಗಾಯ ಆಗಿದ್ರೆ ಉರೀಬೇಕಲ್ಲ? ಮನೆಗೆ ಹೋಗಿ ಕನ್ನಡಿ ಹಿಡಿದು ನೋಡಿದೆ. ಗಾಯ ಇಲ್ಲ. ಗುಳ್ಳೆ ಇದೆ." ಟವೆಲು ಸರಿಸಿ ತೋರಿಸಿದ. "ಆಗ ಹೊಳೀತು. ನನ್ನ ಮೈಯಲ್ಲಿ ಹುಳ ಹರಿದಿದ್ದನ್ನ ನೀನು ನೋಡಿದ್ದೀಯ. ನನ್ನ ಮಾನ ಹೋಗಬಾರದು ಅಂತ ತಪ್ಪು ನಿನ್ನ ಕೈ ಮೇಲೆ ಹಾಕ್ಕೊಂಡಿದ್ದೀಯ."

ಬೆಣ್ಣೆಕೈ ಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಂಡ.

"ನಾನೋ, ಕತ್ತಿ ತಾಗಿಸಿದ ಅಂತ ಇಬ್ಬರ ಹತ್ರ ಹೇಳಿಬಿಟ್ಟಿದ್ದೆ. ಹೇಳಿದ್ದನ್ನ ವಾಪಸ್ ತಗೊಳ್ಳೋಣ ಅಂದ್ರೆ ಹುಳದ ವಿಷಯ ಹೇಳಬೇಕಾಗತ್ತೆ. ಎಷ್ಟು ಮನೆ ಹೊಕ್ಕು ಬರ್ತೀನಿ ನಾನು. ಗೊತ್ತಾದ್ರೆ ಯಾರು ಬಾಗಿಲು ತೆಗೀತಾರೆ? ಹೆಂಡತಿ ಹತ್ರವೂ ಹೇಳಿಲ್ಲ. ಎಲ್ಲಿಂದ ಅಂಟಿಸಿಕೊಂಡ್ನೋ ಏನೋ. ನೀನು ಏನಾದ್ರೂ ಹಚ್ಚಿ ವಾಸಿ ಮಾಡಪ್ಪ. ಸಾಯೋತನಕ ನಿನ್ನ ಅಂಗಡಿ ಬಿಟ್ಟು ಬೇರೆ ಕಡೆ ತಲೆ ಕೊಡಲ್ಲ. ನಾಳೆಯೇ ಬೀದಿಗೆಲ್ಲ ಹೇಳ್ತೀನಿ, ಅವನ ಕೈ ನಡುಗಲ್ಲ, ತಲೆ ಅಲ್ಲಾಡಿಸಿದ್ದು ನಾನೇ ಅಂತ."

ಗೋಡೆಯ ಆಚೆ ಬೆಂಕಿ ಚಟಪಟ ಎನ್ನುತ್ತಿತ್ತು. ಹೆಂಡತಿ ಹಂಡೆಯ ಮುಚ್ಚಳ ಹಿಡಿದು ಇತ್ತ ಕಿವಿಗೊಟ್ಟದ್ದು ಗೋಡೆಯಂಚಿನಿಂದ ಅವನಿಗೆ ಕಂಡಿತು. ಎಲ್ಲವೂ ಕೇಳಿಸಿತ್ತು ಅವಳಿಗೆ. ಒಂದು 'ಹೂಂ' ಎಂದರೆ ಸಾಕು. ಸ್ವಲ್ಪ ಬೇವಿನೆಣ್ಣೆ, ಒಂದು ಗುಟ್ಟು. ಅಂಗಡಿ ಉಳಿಯುತ್ತದೆ, ಕೈಯ ಹೆಸರು ಉಳಿಯುತ್ತದೆ, ಊರಿನ ನಾಲಿಗೆಯೇ ಜೇಬಿಗೆ ಬರುತ್ತದೆ. ಇವನ ತಲೆ ಬೋಳಿಸಲು ಕತ್ತಿಯೂ ಬೇಡ.

ರೇಡಿಯೋ ಟವೆಲನ್ನು ಮತ್ತೆ ಸುತ್ತಿಕೊಳ್ಳುತ್ತಿದ್ದ. ಬೆರಳುಗಳು ನಡುಗುತ್ತಿದ್ದವು.

ಬೆಣ್ಣೆಕೈ ಆ ಬೆರಳುಗಳನ್ನು ನೋಡಿದ.

"ಅಣ್ಣ," ಎಂದ. "ಟವೆಲು ತೆಗೀರಿ. ನಿಮ್ಮದಲ್ಲ ಅದು. ನಮ್ಮದು."

"ಅಂದ್ರೆ?"

ಅವನು ರೇಡಿಯೋನನ್ನು ಬೆಂಕಿಯ ಹತ್ತಿರ ಕರೆದುಕೊಂಡು ಬಂದ. ಎಲ್ಲ ಹೇಳಿದ: ಕೋಳಿ, ಕುರ್ಚಿ, ದಿಂಬು, ಹೊದಿಕೆಯ ಮೇಲಿನ ಎರಡು ಗೀಟು. ಕೋಳಿಯ ನುಸಿ ಮನುಷ್ಯನನ್ನು ಕಚ್ಚುತ್ತದೆ, ಮನುಷ್ಯನ ಮೈಮೇಲೆ ಸಂಸಾರ ಹೂಡುವುದಿಲ್ಲ. ಬಟ್ಟೆ ಬಿಸಿನೀರಿಗೆ ಹಾಕಿದರೆ ಸಾಕು ಎಂದ. ಹೇಳುತ್ತ ಹೇಳುತ್ತ ಎದುರುಗಡೆಯ ಕಿಣಿಕ್ ಸದ್ದು ಕಿವಿಯೊಳಗೆ ಕೇಳುತ್ತಲೇ ಇತ್ತು.

ರೇಡಿಯೋ ಟವೆಲಿನ ಸುತ್ತು ಸಡಿಲಿಸಿದ. ಮೊದಲು ಹೆದರಿಕೆ ಇಳಿಯಿತು. ಅದರ ಜಾಗಕ್ಕೆ ಸಿಟ್ಟು ಏರಿತು.

"ಒಂದು ವಾರ," ಎಂದ. "ಒಂದು ವಾರ ಟವೆಲು ಸುತ್ಕೊಂಡು ಓಡಾಡಿದ್ದೀನಿ. ಹೆಂಡತಿ ಪಕ್ಕ ಮಲಗಿಲ್ಲ. ನೀನು ಬಾಯಿ ಮುಚ್ಕೊಂಡಿದ್ದೆ."

"ಹೌದು ಅಣ್ಣ."

"ಇದನ್ನ ನಾನು ಹೇಳದೆ ಇರಕ್ಕಾಗಲ್ಲ. ನನ್ನ ಬುದ್ಧಿ ನಿನಗೆ ಗೊತ್ತು."

"ಗೊತ್ತು."

ಅಮ್ಮ ಅಲ್ಲಿವರೆಗೆ ಕೋಲಿನಿಂದ ಬೂದಿ ಕೆದಕುತ್ತಿದ್ದಳು. "ಹೇಳು," ಎಂದಳು. "ನಾನು ಕೂಗದಿದ್ರೆ ಬೆಳಗಾಗಲ್ಲ ಅಂದ್ಕೊಂಡಿರೋ ಕೋಳಿ ನೀನು. ಕೂಗು. ಆದ್ರೆ ಅರ್ಧಕ್ಕೇ ಕೂಗಬೇಡ. ಹುಳ ಬಂತು ಅಂತ ಹೇಳೋನು ಹೋಯ್ತಾ ಇಲ್ವಾ ಅಂತಲೂ ನೋಡ್ಕೊಂಡು ಹೇಳು."

"ಹೋಯ್ತು ಅಂತ ಹೇಗೆ ಗೊತ್ತಾಗತ್ತೆ? ನೀವು ಹೇಳಿದ್ರೆ ನಂಬಬೇಕಾ?"

"ನನ್ನ ನಂಬಬೇಡ. ನಾನು ಸೆಕೆ ಸೆಕೆ ಅಂತ ಮಗನಿಗೇ ಸುಳ್ಳು ಹೇಳಿದವಳು." ಅಮ್ಮ ತೊಟ್ಟಿಯ ಕಡೆ ಕೋಲು ತೋರಿಸಿದಳು. "ಅವು ಹೇಳ್ತವೆ. ಹುಳ ಇದ್ದ ಗೂಡಿಗೆ ಅವು ಕಾಲಿಡಲ್ಲ. ಇಷ್ಟು ದಿನ ನಾನೇ ಎತ್ತಿ ಹಾಕ್ತಿದ್ದೆ. ಇವತ್ತು ಮುಟ್ಟಲ್ಲ. ನೋಡೋ ಪುರಸೊತ್ತಿದ್ರೆ ಕೂತ್ಕೋ."

ರೇಡಿಯೋ ಚೀಲ ಕೆಳಗಿಟ್ಟು, ಒಗೆಯುವ ಕಲ್ಲಿನ ಮೇಲೆ ಕೂತ. "ಕೋಳಿಗಳು ಒಳಗೆ ಹೋದ್ರೆ, ನಾಳೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಎಲ್ಲರ ಎದುರಿಗೆ ಇವನ ಕುರ್ಚಿಯಲ್ಲಿ ಕೂರ್ತೀನಿ. ಹೋಗ್ಲಿಲ್ಲ ಅಂದ್ರೆ ಕೂತು ನೋಡಿದ್ದನ್ನ ನಿಂತು ಹೇಳ್ತೀನಿ."

ಬಿಸಿಲು ಇಳಿಯಿತು. ಗೂಡಿನೊಳಗೆ ಸುಣ್ಣ ಒಣಗಿ ಬೆಳ್ಳಗಾಯಿತು. ಕೋಳಿಗಳು ಎದ್ದು, ಮೈ ಕೊಡವಿ, ಎಂದಿನಂತೆ ಗೂಡಿನ ಬಾಗಿಲವರೆಗೆ ಬಂದವು. ಹೆಡ್‌ಮಿಸ್ ಮುಂದೆ. ಕತ್ತು ಚಾಚಿ ಒಳಗೆ ಇಣುಕಿತು. ಹೊಸ ವಾಸನೆ. ಕತ್ತು ಹಿಂದಕ್ಕೆ ಎಳೆದುಕೊಂಡಿತು. ತಿರುಗಿ ತೊಟ್ಟಿಯತ್ತ ನಾಲ್ಕು ಹೆಜ್ಜೆ ಹಾಕಿತು. ಉಳಿದವೂ ತಿರುಗಿದವು.

ರೇಡಿಯೋ ಚೀಲಕ್ಕೆ ಕೈಹಾಕಿದ. ಬೆಣ್ಣೆಕೈ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ.

ಹೆಂಡತಿ ತುಟಿ ತೆರೆದಳು. ಕೋಳಿಯ ದನಿ ಅವಳ ಗಂಟಲಿಗೆ ಬಂದೇ ಬಿಟ್ಟಿತ್ತು, ಸಂಜೆ ಮರಿಗಳನ್ನು ಒಳಗೆ ಕರೆಯುವ ಕೊಕ್ ಕೊಕ್. ಅತ್ತೆ ನೋಡದೆಯೇ ಅವಳ ಕೈ ಒತ್ತಿದಳು. "ಬೇಡ," ಎಂದಳು ಪಿಸುದನಿಯಲ್ಲಿ. "ತಾವಾಗೇ ಹೋಗಬೇಕು."

ಆ ವಾಲಿ ಬಿದ್ದಿದ್ದ ಬಡಕಲು ಕೋಳಿ ಮಾತ್ರ ತೊಟ್ಟಿಗೆ ಹಾರಲಾರದೆ ಬಾಗಿಲಲ್ಲೇ ಉಳಿದಿತ್ತು. ಅದು ಒಳಗೆ ಒಂದು ಕಾಲಿಟ್ಟಿತು. ನಿಂತಿತು. ಇನ್ನೊಂದು ಕಾಲು. ತಗ್ಗಿನಲ್ಲಿದ್ದ ಕೋಲಿಗೆ ರೆಕ್ಕೆ ಬಡಿದು ಹತ್ತಿ, ಜಾರಿ, ಮತ್ತೆ ಹತ್ತಿ, ಬೆರಳು ಬಿಗಿದು ಕೂತಿತು. ಪುಕ್ಕ ಉಬ್ಬಿಸಿತು. ಇಷ್ಟು ದಿನ ಕೂತಲ್ಲಿ ಕಾಲು ಎತ್ತಿ ಎತ್ತಿ ಇಡುತ್ತಿದ್ದ ಕೋಳಿ, ಅಲ್ಲಾಡದೆ ಕೂತು ಕಣ್ಣು ಮುಚ್ಚಿತು.

ತೊಟ್ಟಿಯ ಅಂಚಿನಿಂದ ಹೆಡ್‌ಮಿಸ್ ಒಂದೇ ಕಣ್ಣಲ್ಲಿ ಇದನ್ನು ನೋಡಿತು. ತನ್ನನ್ನು ಕೇಳದೆ ಒಳಗೆ ಹೋದವರು ಯಾರು ಎಂಬಂತೆ ಗೊಣಗಿತು. ಧುಪ್ಪೆಂದು ಕೆಳಗಿಳಿದು, ಅಂಗಳ ದಾಟಿ, ಯಾರ ಕಡೆಯೂ ನೋಡದೆ ಬಾಗಿಲು ಹೊಕ್ಕಿತು. ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು.

ಕೊನೆಯದೂ ಒಳಗಾಗುವವರೆಗೆ ಅಮ್ಮ ಕದಲಲಿಲ್ಲ. ಆಮೇಲೆ ಹೋಗಿ ಬಾಗಿಲು ಹಾಕಿದಳು. ಒಳಗಿನಿಂದ ಗೊಣಗಾಟವಿಲ್ಲ.

ರೇಡಿಯೋ ಎದ್ದು ಕುತ್ತಿಗೆಯ ಟವೆಲು ತೆಗೆದು, ಎರಡು ಬೆರಳಲ್ಲಿ ಹಿಡಿದು, ಕೆಂಡದ ಮೇಲೆ ಹಾಕಿದ. "ದಿಂಬು ಇಲ್ಲದೆ ನಾಳೆ ತಲೆ ಎಲ್ಲಿ ಒರಗಿಸಲಿ?" ಎಂದ.

ಬೆಣ್ಣೆಕೈ ಎಡಗೈ ಚಾಚಿ ಅಂಗೈ ಮೇಲೆ ಮಾಡಿದ. ಸುಣ್ಣಕ್ಕೆ ಬಿರಿದಿದ್ದ ಆ ಅಂಗೈಯನ್ನು ರೇಡಿಯೋ ಬಗ್ಗಿ ನೋಡಿದ, ಮೀಟರು ನೋಡುವ ಹಾಗೆ. ನಡುಗುತ್ತಿರಲಿಲ್ಲ.

"ಬೆಳಿಗ್ಗೆ ಬರ್ತೀನಿ," ಎಂದು ಚೀಲ ಹೆಗಲಿಗೇರಿಸಿದ. ಈ ಸಲ ಹೋದದ್ದು 'ಈಗ ಮುಖ್ಯಾಂಶಗಳು' ಎಂದು ಗಂಟಲು ಸರಿಮಾಡಿಕೊಳ್ಳುತ್ತ, ಮುಂಬಾಗಿಲಿಂದ.